ಸಸ್ಪೆನ್ಷನ್ ಮತ್ತು ಸಮಸ್ಥಿತಿಯ ಪ್ರಶ್ನೆ

ಕಚ್ಚಾ ದಾರಿಗೆಂದೇ ಕಟ್ಟಿದ ಮೋಟಾರ್‌ಸೈಕಲ್ಲಿನ ಸಸ್ಪೆನ್ಷನ್ ಎರಡು ಕೆಲಸ ಮಾಡುತ್ತದೆ. ಗಾಡಿಯ ಮತ್ತು ಸವಾರನ ಭಾರವನ್ನು ಹೊರುತ್ತದೆ. ನೆಲ ಏರಲಿ ಇಳಿಯಲಿ, ಚಕ್ರ ನೆಲವನ್ನು ಬಿಡದಂತೆ ನೋಡಿಕೊಳ್ಳುತ್ತದೆ. ಭಾರ ಹೊರುವುದು ಸ್ಪ್ರಿಂಗ್. ಬಿದ್ದ ಪೆಟ್ಟನ್ನು ಅದು ತನ್ನೊಳಗೆ ಕೂಡಿಟ್ಟುಕೊಂಡು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತದೆ. ಸ್ಪ್ರಿಂಗ್ ಒಂದೇ ಇದ್ದಿದ್ದರೆ ಕಲ್ಲು ಹತ್ತಿಳಿದ ಗಾಡಿ ಬಹು ದೂರದವರೆಗೆ ಕುಪ್ಪಳಿಸುತ್ತಲೇ ಹೋಗುತ್ತಿತ್ತು. ಆ ಕುಪ್ಪಳಿಕೆಯನ್ನು ಅಡಗಿಸುವುದು ಡ್ಯಾಂಪರ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸುತ್ತದೆ. ತೂತುಗಳಿಗೆ ಅಡ್ಡಲಾಗಿ ಕೂತ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಎಣ್ಣೆ ಬಾಗಿಸಿಕೊಂಡು ಹರಿಯಬೇಕು. ಈ ತಿಕ್ಕಾಟದಲ್ಲಿ ಚಲನೆ ಶಾಖವಾಗಿ ಗಾಳಿಗೆ ಸೇರಿಹೋಗುತ್ತದೆ. ಸ್ಪ್ರಿಂಗಿನ ಬಲ ಅದು ಎಷ್ಟು ಕುಗ್ಗಿದೆ ಎಂಬುದನ್ನು ಅವಲಂಬಿಸಿದ್ದರೆ, ಡ್ಯಾಂಪರಿನ ಬಲ ಎಷ್ಟು ವೇಗವಾಗಿ ಕುಗ್ಗುತ್ತಿದೆ ಎಂಬುದನ್ನು ಅವಲಂಬಿಸಿದೆ. ನಿಂತ ಗಾಡಿಯಲ್ಲಿ ಡ್ಯಾಂಪರ್ ಏನನ್ನೂ ಹೊರುವುದಿಲ್ಲ.

ಈ ಎರಡನ್ನೂ ಹದಕ್ಕೆ ತರಲು ಕೂತವರ ಮುಂದೆ ತತ್ತ್ವಶಾಸ್ತ್ರದ ಬಹು ಹಳೆಯ ಪ್ರಶ್ನೆಯೊಂದು ತಾನಾಗಿ ಬಂದು ನಿಲ್ಲುತ್ತದೆ: ಸಮಸ್ಥಿತಿ ಎಂದರೆ ಅಲುಗದೆ ಇರುವುದೇ, ಅಥವಾ ಅಲುಗಿ ಮರಳಿ ನೆಲೆಗೆ ಬರುವುದೇ?

ಪ್ರಾಚೀನ ಗ್ರೀಸಿನಲ್ಲಿ ಈ ಬಗ್ಗೆ ಎರಡು ಪಂಥಗಳಿದ್ದವು. ಅರಿಸ್ಟಾಟಲನ ಹಾದಿಯವರು ಭಾವೋದ್ವೇಗಗಳು ಇರಲಿ, ಹದದಲ್ಲಿರಲಿ ಎಂದರು. ಸ್ಟೋಯಿಕರು ಅವನ್ನು ಬೇರುಸಹಿತ ಕೀಳಬೇಕು ಎಂದರು. ಸ್ಟೋಯಿಕರ ನಿಲುವು ಮೇಲುನೋಟಕ್ಕೆ ಬಿಗಿದು ಕಟ್ಟಿದ ಗಾಡಿಯಂತೆ ಕಾಣುತ್ತದೆ. ಆದರೆ 2ನೆಯ ಶತಮಾನದ ರೋಮನ್ ಲೇಖಕ ಔಲಸ್ ಗೆಲಿಯಸ್ ದಾಖಲಿಸಿದ ಒಂದು ಪ್ರಸಂಗ ಬೇರೆಯದನ್ನೇ ಹೇಳುತ್ತದೆ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕ ಹಡಗೊಂದರಲ್ಲಿ ಹೆಸರಾಂತ ಸ್ಟೋಯಿಕ್ ದಾರ್ಶನಿಕನೊಬ್ಬನ ಮುಖ ಬಿಳಿಚಿಕೊಂಡಿತು. ಗಾಳಿ ಅಡಗಿದ ಮೇಲೆ ಅದರ ಕಾರಣ ಕೇಳಿದಾಗ ಅವನು ಎಪಿಕ್ಟೀಟಸನ ಗ್ರಂಥವನ್ನು ತೆಗೆದು ತೋರಿಸಿದ. ಮೊದಲ ಪೆಟ್ಟಿಗೆ ಜ್ಞಾನಿಯೂ ಬೆಚ್ಚುತ್ತಾನೆ, ಅದು ವಿವೇಕ ಎಚ್ಚರಗೊಳ್ಳುವ ಮೊದಲೇ ನಡೆದುಹೋಗುತ್ತದೆ. ಆ ಬೆಚ್ಚುವಿಕೆಗೆ ಒಪ್ಪಿಗೆ ಕೊಟ್ಟು ಅದನ್ನು ಬೆಳೆಸದಿರುವುದಷ್ಟೇ ಜ್ಞಾನಿಯ ವಿಶೇಷ ಎಂಬುದು ಅಲ್ಲಿನ ವಿವರಣೆ. ಅಂದರೆ ಅಲುಗಬಾರದೆಂದು ಅತಿ ಕಟ್ಟುನಿಟ್ಟಾಗಿ ಬೋಧಿಸಿದವರೂ ಮೊದಲ ಅಲುಗಾಟಕ್ಕೆ ಜಾಗ ಬಿಟ್ಟಿದ್ದರು.

ಆಫ್‌ರೋಡ್ ಗಾಡಿಗಳ ಇತಿಹಾಸ ಈ ವಿಚಾರದಲ್ಲಿ ಸ್ಪಷ್ಟ ಸಾಕ್ಷಿ ನುಡಿಯುತ್ತದೆ. 1970ರ ದಶಕದ ಆರಂಭದ ಮೋಟೊಕ್ರಾಸ್ ಗಾಡಿಗಳಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಚಲಿಸಬಹುದಾಗಿದ್ದ ದೂರ ಸುಮಾರು 100 ಮಿ.ಮೀ. ಮಾತ್ರ. ಬೆಲ್ಜಿಯಂನ ಎಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್ ರೂಪಿಸಿದ, ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಾಗಿರುವ ಒಂಟಿ ಶಾಕ್‌ನ ವಿನ್ಯಾಸವನ್ನು ಯಮಾಹಾ ಕೊಂಡುಕೊಂಡಿತು. ಅದನ್ನು ಅಳವಡಿಸಿದ ಗಾಡಿಯಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ 1973ರ 250 ಸಿಸಿ ವಿಶ್ವ ಚಾಂಪಿಯನ್ ಆದ. ಆ ದಶಕ ಮುಗಿಯುವ ಹೊತ್ತಿಗೆ ಚಕ್ರದ ಚಲನೆ 300 ಮಿ.ಮೀ. ಹತ್ತಿರಕ್ಕೆ ಬಂದಿತ್ತು. ಚಕ್ರಕ್ಕೆ ಅಲುಗಲು ಹೆಚ್ಚು ಅವಕಾಶ ಸಿಕ್ಕಷ್ಟೂ ಅದರ ಮೇಲಿನ ಚಾಸಿ ಹೆಚ್ಚು ಸ್ಥಿರವಾಯಿತು, ಸವಾರ ಹೆಚ್ಚು ವೇಗವಾಗಿ ಹೋದ. ಹೋಲಿಕೆಗೆ ಒಂದು ಮಿತಿಯೂ ಉಂಟು. ಸ್ಟೋಯಿಕರ ಒಪ್ಪಿಗೆ ಎಂಬುದು ತೀರ್ಮಾನಿಸುವ ಮನಸ್ಸಿನ ಕೆಲಸ, ಎಣ್ಣೆಗೆ ಆ ಸ್ವಾತಂತ್ರ್ಯವಿಲ್ಲ. ಡ್ಯಾಂಪರಿನ ಪರವಾಗಿ ತೀರ್ಮಾನಿಸಬೇಕಾದವರು ಅದನ್ನು ಹೊಂದಿಸುವವರು, ಅದೂ ಗಾಡಿ ದಾರಿಗೆ ಇಳಿಯುವ ಮುನ್ನ.

ಹೊಂದಿಸುವ ಕೆಲಸ ಸ್ಯಾಗ್ ಅಳೆಯುವುದರಿಂದ ಶುರುವಾಗುತ್ತದೆ. ಸ್ಯಾಗ್ ಎಂದರೆ ಭಾರಕ್ಕೆ ಸಸ್ಪೆನ್ಷನ್ ತಾನಾಗಿ ಕುಸಿಯುವ ದೂರ. ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಟೇಪು ಹಿಡಿಯಬೇಕು. ಬಳಿಕ ಗಾಡಿಯನ್ನು ನೆಲಕ್ಕಿಳಿಸಿ ಅದರದೇ ಭಾರದಲ್ಲಿ ಒಮ್ಮೆ, ಸವಾರ ಹೆಲ್ಮೆಟ್, ಬೂಟು, ನೀರಿನ ಚೀಲ ಎಲ್ಲ ಧರಿಸಿ ಹತ್ತಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಸುಮಾರು 300 ಮಿ.ಮೀ. ಚಲನೆಯ ಮೋಟೊಕ್ರಾಸ್ ಗಾಡಿಯಲ್ಲಿ ಸವಾರನೊಂದಿಗಿನ ಸ್ಯಾಗ್ 100ರಿಂದ 105 ಮಿ.ಮೀ., ಅಂದರೆ ಮೂರನೆಯ ಒಂದು ಭಾಗ, ಇದ್ದರೆ ಸರಿ. ಖಾಲಿ ಗಾಡಿಯ ಸ್ಯಾಗ್ 30ರಿಂದ 40 ಮಿ.ಮೀ. ಇರಬೇಕು. ಗಾಡಿ ಪೂರ್ತಿ ಮೇಲೆದ್ದು ನಿಂತಿದ್ದರೆ ಗುಂಡಿ ಎದುರಾದಾಗ ಚಕ್ರ ಕೆಳಗಿಳಿಯಲು ದೂರವೇ ಉಳಿಯುವುದಿಲ್ಲ. ಮೊದಲೇ ಅರ್ಧ ಕುಸಿದಿದ್ದರೆ ದಿಣ್ಣೆ ಎದುರಾದಾಗ ತಳ ಹೊಡೆಯುತ್ತದೆ. ಗಮನಿಸಬೇಕಾದದ್ದು, ಇಲ್ಲಿನ ಸಮ ನಿಲುವು ಚಲನೆಯ ನಟ್ಟನಡುವೆ ಇಲ್ಲ. ಚಕ್ರವನ್ನು ಮೇಲಕ್ಕೆ ತಳ್ಳುವ ದಿಣ್ಣೆಯ ಪೆಟ್ಟು ಗುಂಡಿಗಿಂತ ಹೆಚ್ಚು ಅಪಾಯಕಾರಿಯಾದ್ದರಿಂದ ಅದು ಒಂದು ಕಡೆಗೆ ಸರಿದು ಕೂತಿದೆ.

ಅರಿಸ್ಟಾಟಲ್ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಹೇಳುವುದೂ ಇದನ್ನೇ. ಹತ್ತು ಮೈನಾ (ಪ್ರಾಚೀನ ಗ್ರೀಕರ ತೂಕದ ಅಳತೆ) ಆಹಾರ ಅತಿ, ಎರಡು ಮೈನಾ ಕಡಿಮೆ ಎಂದಾದರೆ, ಲೆಕ್ಕದ ನಡು ಆರು. ಆದರೆ ಗರಡಿಯ ಗುರು ಎಲ್ಲರಿಗೂ ಆರನ್ನೇ ಬಡಿಸುವುದಿಲ್ಲ. ಕುಸ್ತಿಪಟು ಮೈಲೋಗೆ ಅದು ಸಾಲದು, ಹೊಸದಾಗಿ ಅಂಗಸಾಧನೆಗೆ ಬಂದವನಿಗೆ ಅದು ವಿಪರೀತ. ವಸ್ತುವಿನ ನಡು ಬೇರೆ, ಮನುಷ್ಯನಿಗೆ ಹೊಂದುವ ನಡು ಬೇರೆ. ಕಾರ್ಖಾನೆಯಿಂದ ಬರುವ ಗಾಡಿಯೂ ಯಾರೋ ಒಬ್ಬ ಸರಾಸರಿ ಸವಾರನಿಗೆ, ಹಲವು ಸ್ಪರ್ಧಾ ಗಾಡಿಗಳಲ್ಲಿ 75ರಿಂದ 85 ಕೆ.ಜಿ. ತೂಗುವವನಿಗೆ, ಹೊಂದಿಕೊಂಡಿರುತ್ತದೆ. 60 ಕೆ.ಜಿ.ಯವರಿಗೂ 100 ಕೆ.ಜಿ.ಯವರಿಗೂ ಅದು ಆರು ಮೈನಾದ ಊಟ.

ಸ್ಯಾಗ್‌ನ ಎರಡು ಅಂಕಿಗಳ ಸಂಬಂಧದಲ್ಲಿ ಇನ್ನೂ ಆಳದ ಪಾಠವಿದೆ, ಹೊಸಬರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಸ್ಪ್ರಿಂಗಿನ ಮೇಲಿನ ಪ್ರೀಲೋಡ್ ರಿಂಗನ್ನು ತಿರುಗಿಸಿ ಬಿಗಿ ಮಾಡಿದರೆ ಗಾಡಿ ಎತ್ತರವಾಗುತ್ತದೆ, ಆದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಪ್ರತಿ ಮಿಲಿಮೀಟರ್ ಕುಗ್ಗಿಸಲು ಎಷ್ಟು ಬಲ ಬೇಕೆಂಬುದು ಆ ತಂತಿಯ ದಪ್ಪ, ಸುತ್ತು, ಉಕ್ಕುಗಳಲ್ಲೇ ನಿಶ್ಚಯವಾಗಿದೆ. ಭಾರದ ಸವಾರನೊಬ್ಬ ಮೆತ್ತನೆಯ ಸ್ಪ್ರಿಂಗನ್ನೇ ಬಿಗಿದು ಬಿಗಿದು 105 ಮಿ.ಮೀ.ಗೆ ತಂದುಕೊಳ್ಳಬಹುದು. ಆಗ ಖಾಲಿ ಗಾಡಿಯ ಸ್ಯಾಗ್ 10 ಅಥವಾ 15 ಮಿ.ಮೀ.ಗೆ ಇಳಿದಿರುತ್ತದೆ, ಏಕೆಂದರೆ ಅಷ್ಟು ಬಿಗಿದ ಸ್ಪ್ರಿಂಗನ್ನು ಗಾಡಿಯ ಭಾರವೊಂದೇ ಒತ್ತಲಾರದು. ಇದು ಸ್ಪ್ರಿಂಗ್ ಮೆತ್ತಗಿದೆ ಎಂಬುದರ ಗುರುತು. ಹಗುರ ಸವಾರನ ಗಾಡಿಯಲ್ಲಿ ಸವಾರನೊಂದಿಗಿನ ಅಂಕಿ ಸರಿಯಿದ್ದು ಖಾಲಿ ಸ್ಯಾಗ್ 50 ದಾಟಿದ್ದರೆ ಸ್ಪ್ರಿಂಗ್ ಗಟ್ಟಿಯಾಯಿತು ಎಂದರ್ಥ. ನೋಡಿದ ಕೂಡಲೇ ತಲೆಕೆಳಗಾಗಿ ತೋರುವ ಸಂಗತಿ ಇದು. ಸರಿಯಾದ ಅಂಕಿಯನ್ನು ತಪ್ಪು ದಾರಿಯಿಂದಲೂ ಮುಟ್ಟಬಹುದು. ಹಾಗೆ ಮುಟ್ಟಿದ್ದನ್ನು ಬಯಲು ಮಾಡುವುದು ಸವಾರ ಇಳಿದ ಮೇಲಿನ ಅಳತೆ. ನೀತಿಯ ವಿಚಾರದಲ್ಲೂ ಬಲವಂತದಿಂದ ಬಿಗಿಹಿಡಿದ ಸಂಯಮ ಮತ್ತು ಸ್ವಭಾವವೇ ಆಗಿಹೋದ ಸಂಯಮ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಅರಿಸ್ಟಾಟಲ್ ಇವೆರಡನ್ನೂ ಎಚ್ಚರದಿಂದ ಬೇರ್ಪಡಿಸಿದ್ದಾನೆ, ಎರಡನೆಯದನ್ನಷ್ಟೇ ಪೂರ್ಣ ಗುಣವೆಂದು ಕರೆದಿದ್ದಾನೆ.

ಸ್ಪ್ರಿಂಗ್ ನಿಶ್ಚಯವಾದ ಮೇಲೆ ಡ್ಯಾಂಪಿಂಗ್. ಕುಗ್ಗುವಾಗಿನ ತಡೆಗೆ ಕಂಪ್ರೆಷನ್ ಎಂದೂ, ಹಿಗ್ಗುವಾಗಿನ ತಡೆಗೆ ರಿಬೌಂಡ್ ಎಂದೂ ಹೆಸರು. ಇವನ್ನು ಹೊಂದಿಸುವ ಸ್ಕ್ರೂವನ್ನು ಮೃದುವಾಗಿ ಕೊನೆಯವರೆಗೆ ಮುಚ್ಚಿ, ಅಲ್ಲಿಂದ ಹೊರಕ್ಕೆ ಕ್ಲಿಕ್ ಎಣಿಸುವುದು ರೂಢಿ. ಕಂಪ್ರೆಷನ್‌ನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಎಂದು ಎರಡಿದ್ದರೆ, ಆ ವೇಗ ಗಾಡಿಯದಲ್ಲ, ಡ್ಯಾಂಪರಿನ ಪಿಸ್ಟನ್ ಹೊತ್ತ ಶಾಫ್ಟಿನದು. ನಿಧಾನವಾಗಿ ಹೋಗುತ್ತಿದ್ದರೂ ಚೂಪು ಕಲ್ಲು ಹೊಡೆದರೆ ಶಾಫ್ಟು ಅತಿವೇಗವಾಗಿ ನುಗ್ಗುತ್ತದೆ. ಜೋರಾಗಿ ಹೋಗುವಾಗಲೂ ಉದ್ದನೆಯ ನುಣುಪು ಏರಿನಲ್ಲಿ ಅದು ನಿಧಾನವಾಗಿ ಚಲಿಸುತ್ತದೆ.

ಇಲ್ಲಿ ಮೈಗೆ ತಟ್ಟುವ ಅನುಭವ ಕಾರಣವನ್ನು ಸರಿಯಾಗಿ ಹೇಳುವುದಿಲ್ಲ. ರಿಬೌಂಡ್ ತೀರಾ ನಿಧಾನವಾಗಿದ್ದರೆ ಸಾಲು ದಿಣ್ಣೆಗಳಲ್ಲಿ ಒಂದರ ಪೆಟ್ಟಿನಿಂದ ಸಸ್ಪೆನ್ಷನ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನದು ಬಂದು ಹೊಡೆಯುತ್ತದೆ. ಪ್ರತಿ ದಿಣ್ಣೆಗೂ ಗಾಡಿ ಇನ್ನಷ್ಟು ಕೆಳಗಿಳಿಯುತ್ತ ಕೊನೆಗೆ ಚಲನೆಯೇ ಉಳಿಯುವುದಿಲ್ಲ. ಸವಾರನಿಗೆ ಅದು ಗಡುಸು ಎನಿಸುತ್ತದೆ, ಅವನು ಕಂಪ್ರೆಷನ್ ಸಡಿಲಿಸುತ್ತಾನೆ, ಗಾಡಿ ಮತ್ತಷ್ಟು ಕುಸಿಯುತ್ತದೆ. ಕಂಪ್ರೆಷನ್ ಕಡಿಮೆಯಾದಾಗಲೂ ಇಂಥದೇ ಭ್ರಮೆ: ಮುಂದಿನ ಫೋರ್ಕ್ ಸರಾಗವಾಗಿ ಜಾರಿ ಚಲನೆಯ ಕೊನೆಯ, ಗಟ್ಟಿಯಾದ ಭಾಗದಲ್ಲೇ ಓಡುತ್ತದೆ, ಕೈಗೆ ಸಿಗುವುದು ಪೆಟ್ಟು. ಅನುಭವವನ್ನು ನಂಬಲೇಬೇಕು, ಆದರೆ ಅದು ಕೊಡುವ ವಿವರಣೆಯನ್ನು ಪರೀಕ್ಷಿಸದೆ ನಂಬಬಾರದು. ಪ್ರತ್ಯಕ್ಷದಲ್ಲೂ ಭ್ರಮೆಯಿರಬಹುದೆಂದು ಒಪ್ಪಿ, ಕೈಗೊಂಡ ಕ್ರಿಯೆ ಫಲಿಸಿತೇ ಎಂಬುದರಿಂದ ಜ್ಞಾನದ ಸತ್ಯವನ್ನು ನಿಶ್ಚಯಿಸಿದ ನ್ಯಾಯದರ್ಶನದವರ ಕ್ರಮವೇ ಇಲ್ಲಿ ಕೈಹಿಡಿಯುವುದು. ಒಂದೇ ಸಣ್ಣ ಸುತ್ತನ್ನು ಒಂದೇ ವೇಗದಲ್ಲಿ ಮತ್ತೆ ಮತ್ತೆ ಓಡಿ, ಪ್ರತಿ ಸಲ ಒಂದನ್ನೇ, ಅದೂ ಒಂದೆರಡು ಕ್ಲಿಕ್ ಮಾತ್ರ ಬದಲಿಸಿ, ಆದದ್ದನ್ನು ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹದ ಎಲ್ಲಿದೆಯೆಂದು ಗೊತ್ತೇ ಇಲ್ಲದವರು ಎರಡೂ ಅತಿಗಳನ್ನು ನಿಧಾನ ವೇಗದಲ್ಲಿ ಒಮ್ಮೆ ಓಡಿ ನೋಡುವುದು ಒಳ್ಳೆಯದು. ಬೌದ್ಧರ ವಿನಯಪಿಟಕದಲ್ಲಿ ಸೋಣನೆಂಬ ಭಿಕ್ಷುವಿನ ಕಥೆಯಿದೆ. ನಡೆದಾಡುತ್ತ ಧ್ಯಾನ ಮಾಡಿ ಮಾಡಿ ಅವನ ಅಂಗಾಲುಗಳು ರಕ್ತ ಸುರಿಸಿದವು, ಫಲ ಕಾಣದೆ ಸಂಸಾರಕ್ಕೆ ಮರಳುವ ಯೋಚನೆ ಬಂತು. ಅವನು ಹಿಂದೆ ವೀಣೆ ಬಾರಿಸುತ್ತಿದ್ದವನು. ಬುದ್ಧ ಕೇಳಿದ್ದು ತಂತಿಗಳ ಬಗ್ಗೆ: ಅತಿ ಬಿಗಿದಾಗ ನುಡಿಯುತ್ತಿತ್ತೇ, ಅತಿ ಸಡಿಲವಾದಾಗ ನುಡಿಯುತ್ತಿತ್ತೇ? ಹದ ಯಾವುದೆಂದು ಬುದ್ಧ ಅಳತೆ ಕೊಡಲಿಲ್ಲ. ಎರಡೂ ಅತಿಗಳನ್ನು ಕಿವಿಯಾರೆ ಬಲ್ಲವನಿಗೆ ಅವನ್ನು ನೆನಪಿಸಿದ. ಅರಿಸ್ಟಾಟಲನ ಸಲಹೆ ಇದಕ್ಕೆ ಪೂರಕ: ತಾನು ಯಾವ ಕಡೆಗೆ ವಾಲುವವನೆಂದು ತಿಳಿದು, ಅದರ ವಿರುದ್ಧ ದಿಕ್ಕಿಗೆ ತನ್ನನ್ನು ಎಳೆದುಕೊಳ್ಳಬೇಕು. ಬಿಗಿಯಾದದ್ದೇ ಹಿಡಿತ ಕೊಡುತ್ತದೆಂಬ ನಂಬಿಕೆ ಸವಾರರಲ್ಲಿ ವ್ಯಾಪಕ. ಅಂಥವರಿಗೆ ಮೊದಲು ಸಡಿಲಿಸಿ ನೋಡುವುದೇ ಹಿತ.

ಸಿಕ್ಕ ಹದವೂ ಒಂದು ನೆಲಕ್ಕೆ, ಒಂದು ಉದ್ದೇಶಕ್ಕೆ ಕಟ್ಟುಬಿದ್ದದ್ದು. ಎತ್ತರದ ಜಿಗಿತಗಳ ಮೋಟೊಕ್ರಾಸ್ ಅಂಗಣಕ್ಕೆ ಬೇಕಾದ ಗಟ್ಟಿತನ ಪಶ್ಚಿಮ ಘಟ್ಟದ ಬೇರು, ಜಾರುಗಲ್ಲುಗಳ ದಾರಿಯಲ್ಲಿ ಚಕ್ರದ ಹಿಡಿತವನ್ನೇ ಕಳೆಯುತ್ತದೆ. ಡಾಕರ್ ರ‍್ಯಾಲಿಯಲ್ಲಿ ಬೇಕಾದ ಹದ ಒಂದೇ ದಿನದೊಳಗೆ ಬದಲಾಗುತ್ತದೆ. ರ‍್ಯಾಲಿ ಗಾಡಿ 30 ಲೀಟರಿಗೂ ಹೆಚ್ಚು ಪೆಟ್ರೋಲ್ ಹೊತ್ತು ಹೊರಡುತ್ತದೆ, ಅಂದರೆ 20 ಕೆ.ಜಿ.ಗೂ ಮೀರಿದ ಭಾರ. ಅದು ದಾರಿಯುದ್ದಕ್ಕೂ ಕರಗುತ್ತದೆ. ಟ್ಯಾಂಕು ತುಂಬಿದಾಗ ಹೊಂದಿದ್ದು ಬರಿದಾಗುವ ಹೊತ್ತಿಗೆ ಹೊಂದದು. ಇಂಥಲ್ಲಿ ಹೊಂದಿಸುವವರು ಯಾವ ಘಳಿಗೆಗೂ ಪೂರ್ತಿ ಸರಿಯಲ್ಲದ, ಯಾವ ಘಳಿಗೆಗೂ ಅಪಾಯವಲ್ಲದ ಹೊಂದಾಣಿಕೆಯನ್ನು ಆರಿಸಿಕೊಳ್ಳುತ್ತಾರೆ. ಇದನ್ನು ಸೋಲೆಂದು ಎಣಿಸಬೇಕಾಗಿಲ್ಲ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ ಸಮಾಧಾನದ ಮಾತಾಡಿದ್ದು ಸ್ತುತಿ ನಿಂದೆಗಳು ನಿಲ್ಲಬೇಕೆಂದು ಕೇಳಿಕೊಂಡಲ್ಲ. ಲೋಕದಲ್ಲಿ ಹುಟ್ಟಿದವರಿಗೆ ಅವು ತಪ್ಪವೆಂದು ಮೊದಲು ಒಪ್ಪಿಕೊಂಡು. ದಾರಿ ಹೇಗಿರಬೇಕೆಂದು ಸಸ್ಪೆನ್ಷನ್ ಕೂಡ ಷರತ್ತು ಹಾಕುವುದಿಲ್ಲ.

ಉಳಿದದ್ದು ಕಾಪಾಡಿಕೊಳ್ಳುವ ಪ್ರಶ್ನೆ. ಹೊಂದಿಸಿದ ಸಸ್ಪೆನ್ಷನ್ ಮರುದಿನದಿಂದಲೇ ಸವೆಯತೊಡಗುತ್ತದೆ. ಬಿಸಿಯಾಗಿ ತಣಿದು, ಲೋಹದ ಸಣ್ಣ ಪುಡಿ ಸೇರಿ ಎಣ್ಣೆ ಕಪ್ಪಾಗಿ ತೆಳುವಾಗುತ್ತದೆ. ಕ್ಲಿಕ್ಕುಗಳು ಇದ್ದಲ್ಲೇ ಇದ್ದರೂ ಡ್ಯಾಂಪಿಂಗ್ ಇಳಿಯುತ್ತದೆ. ಇದು ದಿನದಿನಕ್ಕೆ ಎಷ್ಟು ಸೂಕ್ಷ್ಮವಾಗಿ ಆಗುತ್ತದೆಂದರೆ ಸವಾರನ ಮೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಕೆಟ್ಟದ್ದೇ ಅವನಿಗೆ ಸಹಜವಾಗುತ್ತದೆ. ಆದ್ದರಿಂದ ಎಣ್ಣೆ ಬದಲಿಸುವ ಹೊತ್ತನ್ನು ಅನುಭವಕ್ಕೆ ಬಿಡದೆ ಗಂಟೆಯ ಲೆಕ್ಕಕ್ಕೆ ಒಪ್ಪಿಸುತ್ತಾರೆ. ಸ್ಪರ್ಧಾ ಗಾಡಿಗಳ ಕೈಪಿಡಿಗಳು ಈ ಲೆಕ್ಕವನ್ನು ಕಿಲೋಮೀಟರಿಗೆ ಬದಲು ಓಡಿದ ಗಂಟೆಗಳಲ್ಲಿ ಹೇಳುತ್ತವೆ. ಪತಂಜಲಿಯ ಯೋಗಸೂತ್ರ ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ನೆಲೆಗೊಳ್ಳುತ್ತದೆ ಎನ್ನುತ್ತದೆ. ಎಡೆಬಿಡದೆ ಎಂಬ ಷರತ್ತು ಏಕೆ ಬೇಕಾಯಿತೆಂಬುದು ಕಪ್ಪಾದ ಎಣ್ಣೆಯನ್ನು ಸುರಿಯುವಾಗ ಚೆನ್ನಾಗಿ ಅರ್ಥವಾಗುತ್ತದೆ.

ಕೆಲಸಗಳು ದೊಡ್ಡವಲ್ಲ, ಬಿಟ್ಟರೆ ಮಾತ್ರ ದೊಡ್ಡವಾಗುತ್ತವೆ. ಪ್ರತಿ ಸವಾರಿಯ ಬಳಿಕ ಫೋರ್ಕ್ ಕೊಳವೆಗಳ ಮೇಲಿನ ಕೆಸರು ಒಣಗುವ ಮೊದಲೇ ಒರೆಸಬೇಕು. ಎಣ್ಣೆ ಜಿನುಗತೊಡಗಿದರೆ ಸೀಲ್ ಹರಿದಿದೆಯೆಂದು ಕೂಡಲೇ ತೀರ್ಮಾನಿಸಬೇಕಿಲ್ಲ. ಹಲವು ಸಲ ಅದರ ಅಂಚಿನಡಿ ಮರಳಿನ ಕಣ ಸಿಕ್ಕಿರುತ್ತದೆ. ಡಸ್ಟ್ ಸೀಲನ್ನು ಕೆಳಗೆ ಸರಿಸಿ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಆಡಿಸಿದರೆ ಹೊರಬರುತ್ತದೆ. ಬ್ಲೀಡ್ ಸ್ಕ್ರೂ ಇರುವ ಸ್ಪ್ರಿಂಗ್ ಫೋರ್ಕುಗಳಲ್ಲಿ ಸೇರಿಕೊಂಡ ಗಾಳಿಯ ಒತ್ತಡವನ್ನು ಮುಂದಿನ ಚಕ್ರ ನೆಲದಿಂದ ಎತ್ತಿರುವಾಗ ಬಿಡಬೇಕು, ಘಟ್ಟ ಹತ್ತಿದ ಮೇಲೆ ಅದನ್ನು ಮರೆಯಬಾರದು. ಹಿಂದಿನ ಶಾಕನ್ನು ಚಕ್ರದ ತೋಳಿಗೆ ಜೋಡಿಸುವ ಲಿಂಕೇಜ್‌ನ ಬೇರಿಂಗುಗಳು ಕಣ್ಣಿಗೆ ಬೀಳದ ಜಾಗದಲ್ಲಿರುವುದರಿಂದ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುತ್ತವೆ. ಜೋರು ನೀರಿನ ಪಂಪು ಹಿಡಿದರೆ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ, ಆಗ ಎಷ್ಟು ಕ್ಲಿಕ್ ತಿರುಗಿಸಿದರೂ ಹಿಂಭಾಗ ಬಿಗಿದೇ ಇರುತ್ತದೆ. ಅವನ್ನು ಬಿಚ್ಚಿ, ಒರೆಸಿ, ಗ್ರೀಸ್ ತುಂಬಿ ಮತ್ತೆ ಜೋಡಿಸಬೇಕು. ಹಿಂದಿನ ಶಾಕ್‌ನೊಳಗೆ ಎಣ್ಣೆ ನೊರೆಯಾಗದಂತೆ ಸುಮಾರು 10 ಬಾರ್ ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಆ ಒತ್ತಡ ಬಿಡದೆ ಅದನ್ನು ಬಿಚ್ಚುವುದು ಜೀವಕ್ಕೆ ಅಪಾಯ, ಅದು ಸಲಕರಣೆಯಿರುವ ಪಳಗಿದ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಹೊಸ ಎಣ್ಣೆ ತುಂಬಿದ ಮೇಲೆ ಹಳೆಯ ಕ್ಲಿಕ್ಕುಗಳು ಬಿಗಿಯೆನಿಸುವುದು ಸಹಜ. ಆಗ ಸ್ಯಾಗ್ ಮತ್ತೊಮ್ಮೆ ಅಳೆದು, ಬರೆದಿಟ್ಟ ಮೊದಲ ಅಂಕಿಗಳಿಂದ ಹೊಂದಿಕೆಯನ್ನು ಹೊಸದಾಗಿ ಆರಂಭಿಸಬೇಕು.