ಹೊಸ ಲ್ಯಾಪ್‌ಟಾಪಿಗಾಗಿ ಕಾಯುವ ವಿಷಯ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಕ್ಕಲಿಗನು ಮಳೆಗಾಗಿ ಕಾಯುವದನ್ನು ಬಲ್ಲನು. ಹದ ಬಂದೊಡನೆ ಕೂರಿಗೆ ಹೂಡುವದನ್ನೂ ಬಲ್ಲನು. ಆತನ ಮಗನು ಹೊಸ ಲ್ಯಾಪ್‌ಟಾಪಿಗಾಗಿ ಕಾಯುವ ಬಗೆಯೇ ಬೇರೆ. ಬರುವಂಥದು ಹೇಗಿರುವದೋ, ಬೆಲೆ ಇಳಿಯುವದೋ ಎಂದು ಊಹಿಸುತ್ತಾ ಕೂಡ್ರುವನು. ಅದು ಬಂದೊಡನೆ ಇನ್ನೂ ಉತ್ತಮವಾದದ್ದರ ಸುದ್ದಿಯು ಹಿಂದೆಯೇ ಬರುವದು. ಒಂದು ಚಿಪ್‌ನಲ್ಲಿ ಹಿಡಿಯುವ ಸೂಕ್ಷ್ಮ ಭಾಗಗಳು ಎರಡು ವರುಷಕ್ಕೊಮ್ಮೆ ಇಮ್ಮಡಿಯಾಗುವವೆಂದು ಅಮೇರಿಕದ ಗಾರ್ಡನ್ ಮೂರ್ ಎಂಬವರು 1975ರಲ್ಲಿ ಹೇಳಿದರು. ಈಚೆಗೆ ಆ ವೇಗವು ತಗ್ಗಿದ್ದರೂ ಹೊಸವು ಬರುವದು ನಿಂತಿಲ್ಲ. ಹೀಗಿರುವಾಗ ಈ ಕಾಯುವಿಕೆಗೆ ಹದವೆಂಬದು ಎಲ್ಲಿ?

ಇದು ತಾಳ್ಮೆಯೋ, ಆಶೆಯೋ? ಹಳೆಯದು ನಿಜವಾಗಿ ಕೆಲಸಕ್ಕೆ ಬಾರದೆ ಹೋಗುವದೂ ಉಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ನೇ ಅಕ್ಟೋಬರ 14ರಂದು ನಿಂತಿತು. ಅನೇಕ ಹಳೇ ಯಂತ್ರಗಳು ವಿಂಡೋಸ್ 11ನ್ನು ಹೊರಲಾರವು. ಅಂಥದನ್ನುಳ್ಳವನು ಹೊಸದನ್ನು ಬಯಸಿದರೆ ನಾವು ಜರಿಯೆವು.

ನಾವಾದರೋ ಹಳೆಯದು ಚೆನ್ನಾಗಿರುವಾಗಲೇ, ಹೊಸದರಲ್ಲಿ ಬರೆದರಾಯಿತೆಂದು ಆರು ತಿಂಗಳು ಕಾದೆವು. (ಈ ಲೇಖನವೂ ಆಗಲೇ ಬರಬೇಕಾಗಿತ್ತು.) ಹುಕ್ಕೇರಿಯ ಕಡೆಯ ಒಬ್ಬ ವೃದ್ಧೆಗೆ ಪಿಂಚಣಿಯ ಅರ್ಜಿಯನ್ನು ಬರೆದುಕೊಡುವೆವೆಂದು ಮಾತು ಕೊಟ್ಟಿದ್ದೆವು. ಆಕೆಯೂ ಆರು ತಿಂಗಳು ಕಾದಳು. ಯಾಕೆಂಬದನ್ನು ನಾವು ಆಕೆಗೆ ತಿಳಿಸಿರಲಿಲ್ಲ.