ಒಬ್ಬರಿಂದಾಗದ ತಪಸ್ಸು

ತಪಸ್ಸೆಂದರೆ ಉಪವಾಸವೆಂಬುದೇ ಶ್ರಾವಕರಲ್ಲಿ ಬಹುಜನರ ತಿಳಿವಳಿಕೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಂಡವರನ್ನು ಸಮಾಜವು ಗೌರವಿಸುತ್ತದೆ, ಅದು ಯೋಗ್ಯವೇ. ಆದರೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅನಶನವು ಬಾಹ್ಯ ತಪಗಳಲ್ಲಿ ಸೇರಿದ್ದರೆ, ವೈಯಾವೃತ್ಯವು ಸ್ವಾಧ್ಯಾಯ, ಧ್ಯಾನಗಳೊಡನೆ ಅಭ್ಯಂತರ ತಪಗಳ ಪಂಕ್ತಿಯಲ್ಲಿ ಕುಳಿತಿದೆ. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಐದನೆಯವನು ‘ಗ್ಲಾನ’, ಅಂದರೆ ರೋಗದಿಂದ ಬಳಲಿದವನು.

ಮಲಪ್ರಭೆಯ ದಂಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಇಂಥ ಮನೆ ಯಾರಿಗೂ ಅಪರಿಚಿತವಲ್ಲ. ಮಾವನವರಿಗೆ ಲಕ್ವ ಹೊಡೆದು ಎರಡು ವರ್ಷ. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಮಗನು ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವವಳು, ಮಲಮೂತ್ರ ತೆಗೆಯುವವಳು, ರಾತ್ರಿ ನರಳಿದಾಗ ಏಳುವವಳು ಸೊಸೆ. ಅವಳು ಬಸದಿಗೆ ಬಂದು ತಿಂಗಳುಗಳಾಗಿವೆ. ನೋಡಲು ಬಂದ ನೆಂಟರು ರೋಗಿಯ ಕಡೆ ತಿರುಗಿ ‘ಪೂರ್ವಾರ್ಜಿತ ಕರ್ಮ’ ಎನ್ನುತ್ತಾರೆ, ಸೊಸೆಯ ಕಡೆ ತಿರುಗಿ ‘ಪುಣ್ಯವಂತೆ’ ಎನ್ನುತ್ತಾರೆ, ಚಹಾ ಕುಡಿದು ಹೊರಡುತ್ತಾರೆ. ಹೊಗಳಿಕೆಯಿಂದ ರೋಗಿಯ ಮಗ್ಗುಲು ಬದಲಾಗುವುದಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಸಮಾಜದ ಕರ್ತವ್ಯವನ್ನು ಒಬ್ಬಳ ಪುಣ್ಯವೆಂದು ಹೆಸರಿಸಿ ಉಳಿದವರು ಕೈ ತೊಳೆದುಕೊಳ್ಳಬಹುದೇ?

ಶಿವಾರ್ಯರ ಭಗವತೀ ಆರಾಧನೆಯು ಈ ವಿಷಯವನ್ನು ಬಹು ಸ್ಪಷ್ಟವಾಗಿ ವಿಚಾರಿಸಿದೆ. ಕನ್ನಡಿಗರಿಗೆ ಆ ಪರಂಪರೆ ವಡ್ಡಾರಾಧನೆಯ ಕಥೆಗಳ ಮೂಲಕ ಪರಿಚಿತ. ಆದರೆ ಕಥೆಗಳು ನೆನಪಿನಲ್ಲಿ ಉಳಿದಷ್ಟು ವ್ಯವಸ್ಥೆ ಉಳಿದಿಲ್ಲ. ಸಲ್ಲೇಖನೆಯಲ್ಲಿರುವ ಒಬ್ಬ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕ ಮುನಿಗಳನ್ನು ಅಲ್ಲಿ ಹೇಳಿದೆ. ನಾಲ್ಕು ನಾಲ್ಕು ಮಂದಿಯಾಗಿ ಕೆಲಸ ಹಂಚಿಕೆ: ಎಬ್ಬಿಸಿ ಮಗ್ಗುಲು ಬದಲಿಸುವವರು ಕೆಲವರು, ಧರ್ಮಕಥೆ ಹೇಳುವವರು ಕೆಲವರು, ಮಲಮೂತ್ರ ತೆಗೆಯುವವರು ಕೆಲವರು, ಬಾಗಿಲು ಕಾಯುವವರು ಕೆಲವರು. ಕಾಲ ಕಠಿಣವಾದರೆ ಸಂಖ್ಯೆ ಇಳಿಯಬಹುದು. ಆದರೆ ಇಬ್ಬರಿಗಿಂತ ಕೆಳಗೆ ಇಳಿಯಕೂಡದು. ಒಬ್ಬನೇ ಆದರೆ ಅವನು ಆಹಾರಕ್ಕೆ ಹೋದಾಗ ರೋಗಿಯು ಕೈಬಿಟ್ಟುಹೋಗುತ್ತಾನೆ, ಹೋಗದಿದ್ದರೆ ತಾನೇ ಕೈಬಿಟ್ಟುಹೋಗುತ್ತಾನೆ ಎಂಬುದು ಅದರ ಕಾರಣ. ಸರ್ವಸಂಗ ಪರಿತ್ಯಾಗಿಯಾದ ಮುನಿಗೂ ಒಬ್ಬಂಟಿಯಾಗಿ ಹೊರಿಸದ ಭಾರವನ್ನು ಅಡುಗೆ, ದನಕರು, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಳ್ಳುವ ಗೃಹಿಣಿಗೆ ಹೊರಿಸಿರುವುದು ಸೋಜಿಗವೇ ಸರಿ.

ಈ ವಿಧಿಗಳು ಸಂಯಮಿಗಳ ಸೇವೆಗೆ ಹೇಳಿದವು, ಮನೆಯ ಮುದುಕರಿಗಲ್ಲ ಎಂದು ಆಕ್ಷೇಪಿಸಬಹುದು. ಅಕ್ಷರಶಃ ಅದು ನಿಜ. ಆದರೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲೊಂದಾಗಿ ಎಣಿಸಿದ್ದಾರೆ. ಶಿಕ್ಷಾವ್ರತವೆಂದರೆ ಅಭ್ಯಾಸದ ವ್ರತ. ಮುನಿಗಳ ಪಾದ ಒತ್ತಿ ಕಲಿತ ಕೈ ತಂದೆಯ ಹಾಸಿಗೆಯ ಬಳಿ ಅದನ್ನು ಮರೆಯಬೇಕೆಂದು ಯಾವ ಆಚಾರ್ಯರೂ ಹೇಳಲಾರರು. ಇನ್ನು ಕರ್ಮದ ಮಾತು. ರೋಗ ಪರೀಷಹವನ್ನು ಗೆಲ್ಲುವುದು ಸಾಧಕನು ತಾನಾಗಿ ಕೈಗೊಂಡ ಸಾಧನೆ. ಬೇರೊಬ್ಬರ ನೋವಿನ ಮುಂದೆ ಕುಳಿತು ಸಹಿಸಿಕೊಳ್ಳೆಂದು ಉಪದೇಶಿಸುವುದು ಸಾಧನೆಯಲ್ಲ.

ಪ್ರಾಚೀನರು ಕಂಡುಕೊಂಡ ಈ ಸತ್ಯವನ್ನು ಇತ್ತೀಚಿನ ಶುಶ್ರೂಷಾ ಸಂಶೋಧನೆಯೂ ತನ್ನ ದಾರಿಯಿಂದ ಮುಟ್ಟಿದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ಪ್ರಾಂತಗಳ ಗ್ರಾಮಭಾಗದಲ್ಲಿ ಮೇರಿ ಬಕಿಟಾಸ್ ಎಂಬ ದಾದಿ-ವಿದ್ವಾಂಸೆ ಮುಂದುವರಿದ ಕ್ಯಾನ್ಸರಿನ 322 ರೋಗಿಗಳಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅನುಭವಿ ದಾದಿಯರು ದೂರವಾಣಿಯಲ್ಲೇ ನಿಯಮಿತವಾಗಿ ಮಾತಾಡಿ ಮಾರ್ಗದರ್ಶನ ಮಾಡಿದರು. ರೋಗಲಕ್ಷಣಗಳ ತೀವ್ರತೆಯೇನೂ ಗಣನೀಯವಾಗಿ ತಗ್ಗಲಿಲ್ಲ. ಆದರೆ ರೋಗಿಗಳ ಮನಸ್ಸು, ಬಾಳುವೆ ಎರಡೂ ಸುಧಾರಿಸಿದವು. ಅದೇ ಬಳಗದ 2015ರ ಅಧ್ಯಯನವು ಆರೈಕೆ ಮಾಡುವವರ ಕಡೆ ತಿರುಗಿತು. 122 ಮಂದಿಯಲ್ಲಿ, ಬೇಗನೆ ನೆರವು ದೊರೆತವರ ಖಿನ್ನತೆಯು ಮೂರು ತಿಂಗಳು ತಡವಾಗಿ ದೊರೆತವರಿಗಿಂತ ಕಡಿಮೆಯಾಗಿತ್ತು.

ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ 2002ರಿಂದ 2005ರವರೆಗೆ ಎ.ಎನ್.ಎಂ. ದಾದಿಯರು ಹೆರಿಗೆಯಾದ 1,620 ತಾಯಂದಿರ ಅಧ್ಯಯನದಲ್ಲಿ ಪಾಲ್ಗೊಂಡರು. ಅವರು ನುಂಗಿಸಿದ ಮಾತ್ರೆಯಿಂದ ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು; 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಹುಟ್ಟಿನ ಬಾಗಿಲಲ್ಲಿ ಇಷ್ಟು ಸಾಧಿಸಿದ ದಾದಿ ಬಾಳಿನ ಇಳಿಹೊತ್ತಿನ ಮನೆಗೂ ಬರಬಲ್ಲಳು. ಬಂದಾಗ ಅವಳಿಗೆ ಮನೆಯ ಆಚಾರ ತಿಳಿದಿರಬೇಕು. ನೋವಿಗೆ ಕೊಡುವ ಬಾಯಿ ಮಾರ್ಫಿನ್ನನ್ನು ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ ಕೊಡಬೇಕು. ರಾತ್ರಿಭೋಜನ ತ್ಯಾಗ ಮಾಡಿದ ಅಜ್ಜಿ ಸೂರ್ಯಾಸ್ತದ ಮೇಲೆ ಬಾಯಿ ತೆರೆಯದಿದ್ದರೆ ‘ಹಟಮಾರಿ’ ಎಂದು ಬರೆದುಕೊಂಡು ಹೋಗುವ ಶುಶ್ರೂಷೆ ಅರ್ಧ ಶುಶ್ರೂಷೆ.

ಉಳಿದ ಅರ್ಧ ಬಸದಿಯ ಟ್ರಸ್ಟುಗಳ ಕೈಯಲ್ಲಿದೆ. ಅಭಿಷೇಕದ ಸವಾಲಿಗೆ ಲೆಕ್ಕದ ಪುಸ್ತಕದಲ್ಲಿ ಖಾತೆ ಇರುವಂತೆ ವೈಯಾವೃತ್ಯಕ್ಕೂ ಒಂದು ಖಾತೆ ತೆರೆಯಬಹುದು. ದೊಡ್ಡ ಮೊತ್ತವೇನೂ ಬೇಡ: ಒಂದು ಗಾಳಿಹಾಸಿಗೆ, ಒಂದು ಗಾಲಿಕುರ್ಚಿ, ವರ್ಷಕ್ಕೊಮ್ಮೆ ದಾದಿಯೊಬ್ಬರಿಂದ ತರಬೇತಿ. ಅದಕ್ಕಿಂತ ಮುಖ್ಯವಾದುದು ಹೆಸರುಗಳ ಪಟ್ಟಿ. ನಲವತ್ತೆಂಟು ಸಿಗದಿದ್ದರೆ ಏಳು ಸಾಕು, ವಾರಕ್ಕೆ ಒಬ್ಬರ ಪಾಳಿ ಒಂದು ದಿನ. ಮಧ್ಯಾಹ್ನ ಎರಡರಿಂದ ಐದರವರೆಗೆ ಒಬ್ಬರು ಹಾಸಿಗೆಯ ಬಳಿ ಕುಳಿತು ಒಮ್ಮೆ ಮಗ್ಗುಲು ಬದಲಿಸಿದರೆ, ಒಳಕೋಣೆಯಲ್ಲಿ ಸೊಸೆಯು ಮೂರು ತಾಸು ಮಲಗಿ ಏಳಬಹುದು.