'ಸದ್ಯಕ್ಕೆ ಎಂ.ಎ.'

ಪದವಿಯ ಫಲಿತಾಂಶ ಬಂದ ಮನೆಯಲ್ಲಿ ಸಿಹಿ ಹಂಚಿ ಮುಗಿಯುವ ಮುನ್ನವೇ ಒಂದು ಪ್ರಶ್ನೆ ಎದುರು ನಿಲ್ಲುತ್ತದೆ: ಮುಂದೇನು? ಬೆಟಗೇರಿಯ ಮಗ್ಗದ ಮನೆಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಯಾವುದೇ ಓಣಿಯಾಗಲಿ, ಎಷ್ಟೋ ಹುಡುಗರ ಉತ್ತರ ಒಂದೇ: 'ಸದ್ಯಕ್ಕೆ ಎಂ.ಎ. ಮಾಡುತ್ತೇನೆ.' ಪ್ರಿಯ ಸಹೋದರ ಸಹೋದರಿಯರೇ, ಆ 'ಸದ್ಯಕ್ಕೆ' ಎಂಬ ಮಾತಿನ ಬಗ್ಗೆಯೇ ನಿಮ್ಮೊಡನೆ ಸ್ವಲ್ಪ ಮಾತಾಡಬೇಕಾಗಿದೆ.

ಇಷ್ಟು ವಿದ್ಯೆ ಸಾಕು ಎನ್ನುವ ಹಂತ ಇಸ್ಲಾಮಿನಲ್ಲಿಲ್ಲ. ಜ್ಞಾನವನ್ನು ಹೆಚ್ಚಿಸೆಂದು ಬೇಡಿಕೊಳ್ಳಲು ಅಲ್ಲಾಹನು ತನ್ನ ಪ್ರವಾದಿಯವರಿಗೇ(ಸ) ಕಲಿಸಿದ್ದಾನೆ. ಸೂರಃ ಅಲ್ ಕಹ್ಫ್‌ನಲ್ಲಿ ಬರುವ ಪ್ರವಾದಿ ಮೂಸಾರ(ಅ) ಪ್ರಯಾಣವನ್ನು ನೆನೆಯಿರಿ. ಸ್ವತಃ ಪ್ರವಾದಿಯಾಗಿದ್ದರೂ, ತಮಗೆ ತಿಳಿಯದುದನ್ನು ಬಲ್ಲ ಒಬ್ಬ ದೇವದಾಸರನ್ನು ಅರಸಿ ಹೊರಟರು. ಬುತ್ತಿ ಕಟ್ಟಿಕೊಂಡರು, ದಣಿದರು, ಗುರುತಿನ ಜಾಗ ದಾಟಿ ಮುಂದೆ ಹೋಗಿ ಬಂದ ಹೆಜ್ಜೆಯಲ್ಲೇ ಹಿಂದಿರುಗಿದರು. ಕೊನೆಗೆ ಶಿಷ್ಯನಾಗಿ ಜೊತೆ ಬರಲು ಅನುಮತಿ ಕೇಳಿದರು. ಆದರೆ ಯಾರ ಬಳಿ, ಯಾತಕ್ಕಾಗಿ ಹೋಗುತ್ತಿದ್ದೇನೆಂಬುದು ಹೊರಡುವಾಗಲೇ ಅವರಿಗೆ ಗೊತ್ತಿತ್ತು. ಅದು 'ಸದ್ಯಕ್ಕೆ' ಹೊರಟ ಪ್ರಯಾಣವಾಗಿರಲಿಲ್ಲ.

ನಮ್ಮ ಹುಡುಗ ಫಜ್ರ್ ಮುಗಿಸಿ, ತಾಯಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಹಿಡಿದು, ಹುಬ್ಬಳ್ಳಿ ದಾಟಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನೆ. ಆ ಬುತ್ತಿಯಲ್ಲಿ ತಂದೆಯ ದುಡಿಮೆಯಿದೆ. ಕೆಲವು ಮನೆಗಳಲ್ಲಿ ಮದುವೆ ಮುಂದೆ ಹೋದ ಅಕ್ಕನ ಮೌನವೂ ಇದೆ. ಅದು ಅಮಾನತ್ತು. ಅದರ ಲೆಕ್ಕ ಕೊಡಬೇಕಾಗುವುದು.

ಆದ್ದರಿಂದ ಅರ್ಜಿ ತುಂಬುವ ಮೊದಲು ವಿಚಾರಿಸಿ. ಪ್ರಥಮ ದರ್ಜೆ ಸಹಾಯಕ, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕೆ.ಎ.ಎಸ್. ಪರೀಕ್ಷೆಗಳಿಗೆ ಪದವಿಯೇ ಸಾಕು. ಹೈಸ್ಕೂಲು ಮಾಸ್ತರಾಗಲು ಪದವಿಯ ಮೇಲೆ ಬಿ.ಎಡ್. ಬೇಕು, ಅದು 2015ರಿಂದ ಎರಡು ವರ್ಷದ್ದಾಗಿದೆ. ಪಿ.ಯು. ಉಪನ್ಯಾಸಕನಾಗಬೇಕಾದರೆ ಶೇ. 55 ಅಂಕಗಳ ಎಂ.ಎ. ಜೊತೆಗೆ ಬಿ.ಎಡ್. ಕೂಡ ಬೇಕು, ಅಲ್ಲಿಗೆ ನಾಲ್ಕು ವರ್ಷವಾಯಿತು. ಪದವಿ ಕಾಲೇಜಿಗೆ ಎಂ.ಎ. ಮುಗಿಸಿದವನೂ ನೆಟ್ ಅಥವಾ ಕೆ-ಸೆಟ್ ದಾಟಬೇಕು, ಇಲ್ಲವೇ ಪಿಎಚ್.ಡಿ. ಮಾಡಬೇಕು. ಇದನ್ನೆಲ್ಲ ಎಂ.ಎ. ಎರಡನೆಯ ವರ್ಷದ ಕೊನೆಯಲ್ಲಿ ತಿಳಿದು ತಲೆಗೆ ಕೈ ಹಚ್ಚಿ ಕುಳಿತವರನ್ನು ನೋಡಿದ್ದೇನೆ. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ಆದೇಶಕ್ಕೆ ಕಾಯುವವರನ್ನೂ ಕೇಳಿ ನೋಡಿ. ದೂರ ಹೋಗಲಾಗದವರಿಗೆ, 2016ರ ಕಾಯ್ದೆಯಿಂದ ಗದಗಿನಲ್ಲೇ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ದುಡಿಯಲೇಬೇಕಾದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ಇಸ್ತಿಖಾರಃ ನಮಾಝನ್ನೂ ಖಂಡಿತ ನಿರ್ವಹಿಸಿ. ಆದರೆ ಬಲ್ಲವರನ್ನು ಕೇಳುವ ಶ್ರಮ ತಪ್ಪಿಸಿಕೊಳ್ಳಲು ಅದನ್ನು ನೆಪ ಮಾಡಬೇಡಿ.

ನೌಕರಿ ಕೊಡದ ವಿದ್ಯೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮದ್ರಸದಲ್ಲಿ ಅರಬಿ ಓದಿದ ಬಳಿಕ ಕನ್ನಡ ಬಿ.ಎ. ಮಾಡಿದವನು ನಾನು. ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡವೆಂದು ಪಂಪ ಹೇಳಿಕೊಂಡಿದ್ದಾನೆ. ಆ ಪುಲಿಗೆರೆ ನಮ್ಮ ಲಕ್ಷ್ಮೇಶ್ವರವೇ ಎಂದು ತಿಳಿದ ದಿನದ ಹಿಗ್ಗನ್ನು ನಾನಿನ್ನೂ ಮರೆತಿಲ್ಲ. ಅಷ್ಟಿದ್ದೂ ಎಂ.ಎ.ಗೆ ಹೋಗಲಿಲ್ಲ. ಬಡತನವೆಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ, ದಾರಿ ಕೇಳಲು ನಾಚಿಕೊಂಡಿದ್ದೆ, ಅಷ್ಟೆ.

ತಂದೆಯಂದಿರಿಗೂ ಒಂದು ಮಾತಿದೆ. ಮಗ 'ಸದ್ಯಕ್ಕೆ' ಎಂದರೂ ಸಾಲ ಮಾಡಿ ಫೀ ಕಟ್ಟುತ್ತೀರಿ. ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳು, ಇಂಥದ್ದನ್ನೇ ಓದಬೇಕೆಂದು ಸ್ಪಷ್ಟವಾಗಿ ಹೇಳಿದರೂ 'ಸಾಕು ಬಿಡವ್ವಾ' ಎನ್ನುತ್ತೀರಿ. ಕಲಿಯಲು ತಮಗೂ ಒಂದು ದಿನ ಬೇಕೆಂದು ಸ್ತ್ರೀಯರು ಕೇಳಿಕೊಂಡಾಗ ಪ್ರವಾದಿಯವರು(ಸ) ದಿನ ಗೊತ್ತುಪಡಿಸಿ, ಆ ದಿನ ಅವರಿಗೆ ಉಪದೇಶಿಸಿದರು. ಸಾಕು ಎನ್ನಲಿಲ್ಲ. ಈ ಸಲ ಅರ್ಜಿ ಕರೆದಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಯಾವ ವಿಷಯ, ಯಾಕೆ, ಎಷ್ಟು ಖರ್ಚು, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ.